ರುಸ್ಟ್ ಊರಿನ ಸಿಹಿ ವೈನು, ನಮ್ಮ ಇಂಡಿ ಮನೂಕ

ಮಗಳ ಬಾಣಂತನ ಮುಗಿಸಿ ವಿಯೆನ್ನಾದಿಂದ ಬಂದು ನಾ ಇನ್ನಾ ಚೀಲ ಬಿಚ್ಚಿದ್ದಿಲ್ಲ, ಆಗಲೇ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳತನ ಸುದ್ದಿ ಮುಟ್ಟಿತ್ತು. "ಇಂಡಿ ವೈನಿ ಅಲ್ಲಿ ಹೋಗಿ ವೈನ್ ಕುಡದಾರಂತ!" ವೈನಿಗೂ ವೈನಿಗೂ ಪ್ರಾಸ ಚಲೋ ಕೂಡತೈತಿ ನೋಡ್ರಿ, ಅದಕ ಸುದ್ದಿಗೆ ಕಾಲು ಲಗೂನ ಬಂದಾವ. ಒಬ್ರು ಫೋನ್ ಮಾಡಿ ಮೊದ್ಲ ಕೂಸಿನ ತೂಕ ಕೇಳಿದ್ರು, ಆಮ್ಯಾಲ ದನಿ ಸಣ್ಣ ಮಾಡಿ, "ಖರೇನ?" ಅಂದ್ರು.

ಖರೇನ ಐತಿ. ನಾಲ್ಕು ತರದ್ದು ರುಚಿ ನೋಡೀನಿ. ಎಲ್ಲಾ ಸೇರಿಸಿದ್ರ ಒಂದು ಚಾದ ಕಪ್ಪಿನಷ್ಟ ಆಗ್ಲಿಕ್ಕಿಲ್ಲ. ಮಗಳು ಅಳಿಯ ಇಬ್ರೂ ಬಾಜೂಕ ಇದ್ರು, ಹಾಡುಹಗಲು ಹನ್ನೊಂದೂವರಿ ಆಗಿತ್ತು, ತಲಿ ಮ್ಯಾಲ ಸೆರಗೂ ಇತ್ತು. ಫೋನಿನ್ಯಾಗ ಒಬ್ಬೊಬ್ರಿಗೆ ಅರ್ಧರ್ಧ ಹೇಳಿದ್ರ ಅದು ಮತ್ತೊಂದು ಆಗಿ ತಿರುಗಿ ಬರ್ತೈತಿ. ಅದಕ ಪೂರಾ ಬರದ ಬಿಡ್ತೀನಿ. ಓದಿ ಆಮ್ಯಾಲ ಬೈರಿ.

ನಾ ಹುಟ್ಟಿದ್ದು ಬಸವಣ್ಣ ಹುಟ್ಟಿದ ಊರಾಗ. ಕೊಟ್ಟಿದ್ದು ಇಂಡಿ ತಾಲೂಕಿನ ದ್ರಾಕ್ಷಿ ಪಡದ ಮನಿಗೆ. ತವರಮನ್ಯಾಗ "ಸೆರೆ" ಅನ್ನೂ ಮಾತನ್ನೂ ಅಪ್ಪಾರು ಆಡಗೊಡ್ತಿದ್ದಿಲ್ಲ. ನಮ್ಮ ಸಿಂದಗಿ ಅಕ್ಕನ ಕತಿ ನಿಮಗೆಲ್ಲಾ ಗೊತ್ತೈತಿ, ಮತ್ತ ಬಿಡಿಸಿ ಹೇಳೂದು ಬ್ಯಾಡ. ಸರಾಯಿ ಪಾಕೀಟಿನಾಗ ಭಾವ ಹ್ವಾದ, ಅವನ ಹಿಂದ ಹೊಲ ಹೋತು, ಅಕ್ಕ ಹೊಲಿಗಿ ಮಷೀನ್ ತುಳದು ಎರಡು ಮಕ್ಕಳನ್ನ ದಂಡಿಗೆ ಹಚ್ಚಿದ್ಲು. 2007ರ ಜುಲೈ 1ಕ್ಕ ರಾಜ್ಯದಾಗ ಸರಾಯಿ ಬಂದ್ ಆತಲ್ಲ, ಆ ದಿನ ಅಕ್ಕ ಯಾವ ಹಬ್ಬಾನೂ ಇಲ್ದ ಹೋಳಿಗಿ ಮಾಡಿದ್ಲು. ಹಿಂಗಿರೂ ಮನಿ ಹೆಣಮಗಳು ನಾ. ನಾ ವೈನಿನ ಗ್ಲಾಸ್ ಹಿಡದಾಗ ನನ್ನ ಕಣ್ಣ ಮುಂದ ಯಾರು ಬಂದಿರ್ತಾರಂತ ನೀವು ತಿಳಕೊಳ್ರಿ.

ಆದ್ರೂ ಹಿಡದೆ. ಯಾಕ ಹಿಡದೆ ಅನ್ನೂದಕ್ಕ ಮನೂಕದಿಂದ ಸುರು ಮಾಡಬೇಕು.

ಬಾಣಂತನಕ್ಕ ಹೋಗಾಗ ನಾ ಅಂಟು, ಉತ್ತತ್ತಿ, ಕೊಬ್ಬರಿ ಜೋಡಿ ನಮ್ಮ ಶೆಡ್ಡಿನ ಮನೂಕ ಎರಡು ಕಿಲೋ ಒಯ್ದಿದ್ದೆ. ಉಂಡಿ ಅಲ್ಲೇ ಕಟ್ಟಿದೆ. ವೀಸಾ 90 ದಿನದ್ದು. ಆಗಸ್ಟ್‌ನಾಗ ಹೋಗಿ ನವೆಂಬರ್ ಸುರುವಿಗೆ ತಿರುಗಿ ಬರಬೇಕಿತ್ತು. ಕೂಸಿಗೆ ಎರಡು ತಿಂಗಳು ತುಂಬಿದ ಮ್ಯಾಲ, ಅಕ್ಟೋಬರ್ ಕಡೀಕ ಒಂದು ಐತವಾರ ಅಳಿಯ, "ಅತ್ತಿ, ನೀವು ದ್ರಾಕ್ಷಿ ಮಂದಿ, ಇಲ್ಲಿ ದ್ರಾಕ್ಷಿ ನೋಡದ ಹೋದ್ರ ಹೆಂಗ?" ಅಂತ ಕಾರಿನ್ಯಾಗ ಕೂಡ್ರಿಸಿಕೊಂಡು ರುಸ್ಟ್ ಅನ್ನೂ ಊರಿಗೆ ಕರ್ಕೊಂಡು ಹ್ವಾದ. ವಿಯೆನ್ನಾದಿಂದ ಒಂದು ತಾಸಿನ ದಾರಿ.

ರುಸ್ಟ್ ಅಂದ್ರ ಎರಡು ಸಾವಿರದಷ್ಟ ಮಂದಿ ಇರೂ ಊರು. ನಮ್ಮ ಕಡೆ ಒಂದು ಹಳ್ಳಿ ಅಂತೀವಿ. ಮನಿಗಳ ಹೊಗಿಕೊಳವಿ ಮ್ಯಾಲ ಕೊಕ್ಕರಿ ಗೂಡು, ಒಂದೊಂದು ಗೂಡು ನಮ್ಮ ರೊಟ್ಟಿ ಬುಟ್ಟಿಕಿಂತ ದೊಡ್ಡೂ. ಕೊಕ್ಕರಿ ಮಾತ್ರ ಇರ್ಲಿಲ್ಲ, ಅವು ಆಗಸ್ಟ್‌ನಾಗ ಆಫ್ರಿಕಾದ ಕಡೆ ಹಾರಿ ಹೋಗ್ತಾವಂತ. ಊರಿನ ಬಾಜೂಕ ನೊಯ್‌ಸೀಡ್ಲರ್ ಅನ್ನೂ ದೊಡ್ಡ ಕೆರಿ. ಅದರ ಒಂದು ತುದಿ ಹಂಗೇರಿ ದೇಶದಾಗ ಐತಿ. ಕೆರಿ ಅಷ್ಟು ದೊಡ್ಡದಿದ್ರೂ ಆಳ ಎರಡು ಮೀಟರ್ ಸೈತ ಇಲ್ಲ, ಎತ್ತರದ ಗಂಡಸು ನಿಂತ್ರ ತಲಿ ಕಾಣ್ತೈತಿ. ದಂಡಿ ತುಂಬ ಆಪು, ಜೊಂಡು, ನಮ್ಮ ಆಲಮಟ್ಟಿ ಹಿನ್ನೀರಿನ ದಂಡಿಗೆ ಬೆಳೀತಾವಲ್ಲ ಹಂಗ, ಆದ್ರ ಅಲ್ಲಿ ಮೈಲಿಗಟ್ಟಲೆ.

ಆ ಕೆರೀನ ಎಲ್ಲಾದ್ಕೂ ಮೂಲ ಐತಿ. ಮಾಗಿ ಚಳಿ ಸುರು ಆಗೂ ಹೊತ್ತಿನ್ಯಾಗ ನಸುಕಿನ್ಯಾಗ ಕೆರಿಯಿಂದ ಮಂಜು ಏಳ್ತೈತಿ, ಪಡದ ಮ್ಯಾಲ ಬಂದು ಕೂಡ್ತೈತಿ. ಮಧ್ಯಾಹ್ನ ಬಿಸಲು ಬೀಳ್ತೈತಿ. ಈ ತಂಪು-ಬಿಸಲಿನ ಆಟದಾಗ ಹಣ್ಣಿಗೆ ಒಂದು ಬೂಷ್ಟು ಹಿಡೀತೈತಿ. ಬೋಟ್ರೈಟಿಸ್ ಅಂತ ಅದರ ಹೆಸರು. ಕಾಳಿನ ಸಿಪ್ಪಿಗೆ ಕಣ್ಣಿಗೆ ಕಾಣದಂಥ ತೂತು ಬೀಳ್ತಾವ, ಒಳಗಿನ ನೀರು ಆರಿ ಹೋಗ್ತೈತಿ, ಸಕ್ಕರಿ ಮತ್ತ ಹುಳಿ ಒಳಗ ಉಳೀತಾವ. ಕಾಳು ಸುಕ್ಕಾಗಿ, ಕಂದಾಗಿ, ಮ್ಯಾಲ ಬೂದಿ ಬಳದಂಗ ಕಾಣ್ತೈತಿ.

ಪಡದಾಗ ನಿಂತು ಆ ಗೊನಿ ನೋಡಿ ನನ್ನ ಹೊಟ್ಟ್ಯಾಗ ಕಸಿವಿಸಿ ಆತ್ರಿ. ಬೂಷ್ಟು ಹಿಡದ ಗೊನಿ ಅಂದ್ರ ನಮಗ ಏನು? ವರ್ಷದ ಅನ್ನ ಹೋತು ಅಂತನ ಅರ್ಥ. ಹೊತ್ತಲ್ಲದ ಹೊತ್ತಿನ್ಯಾಗ ಒಂದು ಮಳಿ ಬಿದ್ರ ಸಾಕು, ಡೌನಿ ಬಂತು, ಕಾಳು ಒಡೀತು, ಕೊಳೀತು ಅಂತ ನಮ್ಮ ಗಂಡಸರು ರಾತ್ರಿ ಬ್ಯಾಟರಿ ಹಿಡಕೊಂಡು ಪಡದಾಗ ತಿರಗ್ತಾರ. ಇಲ್ಲಿ ನೋಡಿದ್ರ ಬೂಷ್ಟು ಬರ್ಲಿ ಅಂತ ಕಾಯ್ಕೊಂಡು ಕೂತಾರ! ಬಂತಂದ್ರ ಖುಷಿ. ಬರದಿದ್ರ ಆ ವರ್ಷ ಸಿಹಿ ವೈನಿಲ್ಲ. ಅದೂ ಎಲ್ಲಾ ಬೂಷ್ಟು ಚಲೋದಲ್ಲ. ಮಳಿ ಹೆಚ್ಚಾದ್ರ ಅದೇ ಬೂಷ್ಟು ಹಣ್ಣನ್ನ ಪೂರಾ ಕೊಳಿಸಿ ಹುಳಿ ನಾತ ಎಬ್ಬಸ್ತೈತಿ. ಒಣ ಬಿಸಲು ಜೋಡಿ ಬಂದ್ರ ಅಷ್ಟ ಬಂಗಾರ.

ಕೊಯ್ಯೂದು ಒಮ್ಮೆಲೇ ಅಲ್ಲ. ಸುಕ್ಕಾದ ಕಾಳು ಅಷ್ಟ ಆರಿಸಿ ತಗೀತಾರ, ಉಳದದ್ದು ಗಿಡದಾಗ ಬಿಡ್ತಾರ, ಮತ್ತ ಎಂಟತ್ತು ದಿನ ಬಿಟ್ಟು ಬಂದು ಮತ್ತ ಆರಸ್ತಾರ. ನಾವು ಜೋಳ ಹಸನ ಮಾಡೂ ಹೊತ್ತಿನ್ಯಾಗ ಕಣ್ಣಿಟ್ಟು ಹಳ್ಳ ಆರಸ್ತೀವಲ್ಲ, ಹಂಗ ಪೂರಾ ಪಡ ಆರಸೂದು. ಅಲ್ಲಿಯೂ ಆರಸೂ ಮಂದ್ಯಾಗ ಹೆಣಮಕ್ಕಳು ಬಾಳ ಇದ್ರು. ಹಂಗೇರಿ ಕಡೆಯಿಂದ ಕೂಲಿಗೆ ಬರ್ತಾರಂತ, ತಲಿಗೆ ಅರಿವಿ ಕಟ್ಟಿದ್ರು, ಬಗ್ಗಿ ಬಗ್ಗಿ ನಡಾ ಹಿಡಕೊಂತಿದ್ರು. ಅದೊಂದು ನೋಡಿದ ಮ್ಯಾಲ ನನಗ ಪರದೇಶ ಅನ್ನಿಸ್ಲಿಲ್ಲ.

ಅಲ್ಲಿಂದ ಒಂದು ಮನಿಗೆ ಹ್ವಾದಿವಿ. ದೊಡ್ಡ ಕಂಪನಿ ಅಲ್ಲ, ಮನ್ಯಾಗ ವೈನ್ ಮಾಡೂ ಮಂದಿ. ಅಂಗಳ, ಅಂಗಳದ ಹಿಂದ ನೆಲಮನಿ, ನಮ್ಮ ಹಗೇವು ಇಳದಂಗ ಮೆಟ್ಟಲ ಇಳದ್ರ ಒಳಗ ಕಟಿಗಿ ಪೀಪಾಯಿ ಸಾಲಕ್ಕ ಇಟ್ಟಾರ. ನಡಸೂ ಹೆಣಮಗಳು ನನ್ನ ವಾರಿಗೀನ ಇರಬೇಕು, ಕೈ ನೋಡಿದ್ರ ಗೊತ್ತಾಗ್ತಿತ್ತು ಪಡದಾಗ ದುಡದ ಕೈ ಅಂತ. ಆಕಿಗೆ ಜರ್ಮನ್ ಅಷ್ಟ ಬರ್ತಿತ್ತು, ನನಗ ನಮ್ಮ ಭಾಷಿ. ಮಗಳು ನಡಕ ಕೂತು ಎರಡೂ ಕಡೆ ಹೇಳ್ತಿದ್ಲು.

ನನ್ನ ಚೀಲದಾಗ ಒಂದು ಡಬ್ಬಿ ಮನೂಕ ಇತ್ತು, ದಾರ್ಯಾಗ ತಿನ್ನಾಕ ಇಟಗೊಂಡಿದ್ದೆ. ಬರೇ ಕೈಲೆ ಮಂದಿ ಮನಿಗೆ ಹೋಗೂದು ಹೆಂಗಂತ ಅದನ್ನ ತಗದು ಆಕಿ ಮುಂದಿಟ್ಟೆ. ಆಕಿ ಒಂದು ಕಾಳು ಬಾಯಾಗ ಹಾಕ್ಕೊಂಡ್ಲು, ಮತ್ತೊಂದು ಬೆಳಕಿಗೆ ಹಿಡದು ನೋಡಿದ್ಲು. "ಎಷ್ಟು ದಿನ ಒಣಗಸ್ತೀರಿ?" ಇದು ಆಕಿ ಕೇಳಿದ ಮೊದಲ ಪ್ರಶ್ನೆ. ಅಲ್ಲಿತನ ನಾ ಮಗಳ ಹಿಂದ ಕುಂತ ಮುದುಕಿ ಆಗಿದ್ದೆ ನೋಡ್ರಿ, ಆ ಪ್ರಶ್ನೆ ಬಂದ ಮ್ಯಾಲ ಖುರ್ಚಿ ಮುಂದ ಎಳಕೊಂಡು ಕೂತೆ.

ಹೇಳಿದೆ. ಥಾಮ್ಸನ್ ಹಣ್ಣು, ಬ್ರಿಕ್ಸ್ 22 ದಾಟಿದ ಮ್ಯಾಲ ಕೊಯ್ತೀವಿ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನ್ಯಾಗ ಗೊನಿ ಎದ್ದಿ, ಶೆಡ್ಡಿನ ನೆರಳಾಗ ಜಾಳಗಿ ಮ್ಯಾಲ ಹರವತೀವಿ. ಸಿಪ್ಪಿ ಮ್ಯಾಲಿನ ಮೇಣ ಸಡಲ ಆಗಿ ನೀರು ಲಗೂ ಹೊರಗ ಬರ್ತೈತಿ. ನಮ್ಮ ಬಿಸಲಿಗೆ, ನಮ್ಮ ಗಾಳಿಗೆ ಹದಿನೈದು ಹದಿನೆಂಟು ದಿನ ಸಾಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮನೂಕ. ತಾಸಗಾಂವ, ಸಾಂಗ್ಲಿ ಪ್ಯಾಟಿಗೆ ಹೋಗ್ತೈತಿ.

ಆಕಿ ನಕ್ಕು ಎದ್ದು ಹೋಗಿ ಒಂದು ಸಣ್ಣ ಬಾಟ್ಲಿ ತಂದ್ಲು. "ನಾವೂ ಒಣಗಸ್ತೀವಿ, ಆದ್ರ ನಮ್ಮಲ್ಲಿ ಬಿಸಲಿಲ್ಲ, ಅದಕ ಮೂರು ತಿಂಗಳು." ಅದು ಶಿಲ್ಫ್‌ವೈನ್. ಶಿಲ್ಫ್ ಅಂದ್ರ ಅದೇ ಕೆರಿ ದಂಡಿ ಆಪು. ಆ ಆಪಿನ ಚಾಪಿ ಮ್ಯಾಲ ಗೊನಿ ಹರವಿ, ಕಮ್ಮಿ ಅಂದ್ರ ಮೂರು ತಿಂಗಳು ಒಣಗಿಸಿ, ಆಮ್ಯಾಲ ಹಿಂಡಿ ರಸ ತಗೀಬೇಕು ಅಂತ ಅವರ ಕಾಯ್ದೆನ ಐತಿ. ಹುಲ್ಲಿನ ಮ್ಯಾಲ ಒಣಗಿಸಿದ್ರ ಸ್ಟ್ರೋವೈನ್ ಅಂತಾರ. ಇದಕ್ಕ ಬೂಷ್ಟು ಬೇಕಿಲ್ಲ. ಅಂದ್ರ ಏನಾತು? ನಮ್ಮ ಮನೂಕ ಅರ್ಧ ದಾರ್ಯಾಗ ಇರಾಗ ಹಿಂಡಿದ್ರ ಬರೂ ರಸ! ಅಷ್ಟ. ನಾವು ನೀರು ಪೂರಾ ಕಳದು ಕಾಳು ಇಟ್ಕೊಂತೀವಿ, ಅವ್ರು ಅರ್ಧ ಕಳದು ರಸ ಇಟ್ಕೊಂತಾರ.

ಗ್ಲಾಸ್ ಮುಂದ ಬಂತು. ಮಗಳು ಹಾಲು ಕುಡಸೂಕಿ, ಮುಟ್ಟಲಿಲ್ಲ. ಅಳಿಯ ಗಾಡಿ ಹೊಡೀಬೇಕು, ಆತ ಒಂದು ಗುಟುಕು ಬಾಯಾಗ ಹಾಕ್ಕೊಂಡು ತಿರಗಿಸಿ ಬಾಜೂಕಿನ ಬಕೀಟಿನ್ಯಾಗ ಉಗುಳಿದ. ಅಲ್ಲಿ ಅದಕ್ಕಂತನ ಬಕೀಟ ಇಟ್ಟಿರ್ತಾರ, ನಮ್ಮ ಕಡೆ ಎಲಿಅಡಿಕಿ ತಿನ್ನೂ ಮುದುಕ್ಯಾರ ಮುಂದ ಪೀಕದಾನಿ ಇಟ್ಟಂಗ. ನೀವೂ ಉಗಳರಿ ಅಂದ್ರು. ಮಂದಿ ಮನ್ಯಾಗ, ಕೊಟ್ಟಾಕಿ ಎದುರಿಗೆ, ಆಕಿ ಮಾಡಿದ್ದನ್ನ ಉಗಳೂದು ನನ್ನ ಕೈಲೆ ಆಗೂದಲ್ಲ. ನಾಲಿಗಿ ಮ್ಯಾಲ ಇಟಗೊಂಡೆ, ನುಂಗಿದೆ.

ರುಚಿ ಹೇಳ್ರಿ ಅಂತ ನೀವು ಕೇಳೋರ. ಬಣ್ಣ ನಮ್ಮ ಹೊಸ ಬೆಲ್ಲದ ಪಾಕ ಎಳಿ ಬರೂ ಮೊದ್ಲ ಇರ್ತೈತಲ್ಲ, ಅದು. ವಾಸನಿ ಮೊದ್ಲ ಜೇನು, ಅದರ ಹಿಂದ ಬಿಸಲಿಗಿಟ್ಟ ಮಾವಿನ ಸಾಟ. ಬಾಯಾಗ ಬಿದ್ದ ಕೂಡಲೇ ಸಿಹಿ, ದಪ್ಪ ಸಿಹಿ, ತುಟಿಗೆ ತುಟಿ ಅಂಟೂವಂಥದ್ದು. ಇನ್ನೇನು ಕೆರಳ್ತೈತಿ ಅನ್ನೂದ್ರಾಗ ನಾಲಿಗಿ ದಂಡಿಗೆ ಹುಳಿ ಬಂದು ಸಿಹೀನ ಒರೆಸಿಕೊಂಡು ಹೋತು. ಪಾನಕಕ್ಕ ಇಂಡಿ ಲಿಂಬಿ ಹಿಂಡಿದಂಗ. ನಮ್ಮ ಲಿಂಬಿಗೆ ಜಿಐ ಟ್ಯಾಗ್ ಬಂದೈತಿ, ಅದರ ಹುಳಿ ಏನಂತ ನಿಮಗ ಹೇಳಬೇಕಾಗಿಲ್ಲ. ಕಡೀಕ ಎದಿಯಾಗ ಒಂದೀಟು ಕಾವು. ಆ ಕಾವು ಬಂದಾಗ ಮಾತ್ರ ನನಗ ಅಕ್ಕ ನೆನಪಾದ್ಲು. ಸಿಹಿ ಎಷ್ಟ ಇರ್ಲಿ, ಒಳಗ ಇರೂದು ಅದೇ ವಸ್ತು ಅಂತ ಮೈಗೆ ಗೊತ್ತಾತು.

ಎರಡನೇದ್ದು ಆ ಊರಿನ ಹೆಸರಿನ ವೈನು, ರುಸ್ಟರ್ ಔಸ್‌ಬ್ರುಖ್. ಬೂಷ್ಟು ಹಿಡದು ಸುಕ್ಕಾದ ಕಾಳಿಂದ ಮಾಡೂದು. ಇದು ನನಗ ಎಲ್ಲಾದ್ಕಿಂತ ಚಲೋ ಅನ್ನಿಸ್ತು. ಕಿತ್ತಳಿ ಸಿಪ್ಪಿ ಇತ್ತು, ಕೇಸರಿ ಇತ್ತು, ಹಳೇ ಉತ್ತತ್ತಿ ಇತ್ತು, ಮತ್ತ ಮಳಿ ಬಿದ್ದ ಮರದಿನ ಕಣದಾಗಿನ ಮೇವಿನ ವಾಸನಿ ಒಂದು ಎಳಿ. ಬೂಷ್ಟಿನ ನಾತ ಅಂತೂ ಇಲ್ಲ. ಈ ವೈನಿನ ಮ್ಯಾಲ ಊರಿಗೆ ಊರ ನಿಂತೈತಿ. 1524ರಾಗನ ಹಂಗೇರಿ ರಾಣಿ ಮರಿಯಾ ಇವರ ಪೀಪಾಯಿಗೆ "ಆರ್" ಅಂತ ಮುದ್ರಿ ಒತ್ತೂ ಹಕ್ಕು ಕೊಟ್ಟಿದ್ಲಂತ, ಖೊಟ್ಟಿ ಮಾಲು ಇವರ ಹೆಸರಿಲೆ ಹೋಗಬಾರ್ದಂತ. 1681ರಾಗ ಈ ಊರಿನೋರು ಲಿಯೋಪೋಲ್ಡ್ ಬಾದಶಾಹನ ಕಡೆಯಿಂದ ತಮ್ಮ ಊರಿಗೆ ಸ್ವಂತ ನಗರದ ಹಕ್ಕು ಕೊಂಡಾರ. ಕೊಟ್ಟಿದ್ದು ಏನು? 60,000 ಬಂಗಾರದ ಗಿಲ್ಡರ್ ಮತ್ತ 500 ಐಮರ್ ಔಸ್‌ಬ್ರುಖ್ ವೈನು. ಒಂದು ಐಮರ್ ಅಂದ್ರ ನಮ್ಮ ದೊಡ್ಡ ಹಂಡೇದಷ್ಟು, 50 ಲೀಟರಿನ ಮ್ಯಾಲ. ಬೂಷ್ಟು ಹಿಡದ ದ್ರಾಕ್ಷಿ ಕೊಟ್ಟು ಸ್ವಾತಂತ್ರ್ಯ ತಗೊಂಡಾರ್ರಿ! ಇದನ್ನ ಕೇಳಿ ಮನಿಯವರಿಗೆ ಅಲ್ಲಿಂದನ ಫೋನ್ ಹಚ್ಚಿದೆ. ಅವ್ರು, "ನಮ್ಮ ಕೊಳತದ್ದಕ್ಕ ವಿಮಾ ಕಂಪನಿಯವ್ರು ಬಂದು ನೋಡಿದ್ರ ಸಾಕಾಗೈತಿ" ಅಂದ್ರು.

ಮೂರನೇದ್ದರ ಹೆಸರು ಉಸರು ಹಿಡದು ಓದ್ರಿ: ಟ್ರೊಕನ್‌ಬೇರನ್‌ಔಸ್‌ಲೇಸೆ. ಮಗಳು ಒಡದು ಹೇಳಿದ ಮ್ಯಾಲ ನಗು ಬಂತು. ಟ್ರೊಕನ್ ಅಂದ್ರ ಒಣ, ಬೇರನ್ ಅಂದ್ರ ಕಾಳು, ಔಸ್‌ಲೇಸೆ ಅಂದ್ರ ಆರಿಸಿದ್ದು. "ಒಣಕಾಳು ಆರಿಸಿದ್ದು", ನಾವು ದಿನಾ ಮೊರದಾಗ ಮಾಡೂ ಕೆಲಸ, ಅದಕ್ಕ ಗಜದುದ್ದ ಹೆಸರು. ಕೆರಿಯ ಆಚಿ ದಂಡಿಗೆ ಇಲ್‌ಮಿಟ್ಸ್ ಅಂತ ಊರೈತಿ, ಅಲ್ಲಿ ಅಲೋಯಿಸ್ ಕ್ರಾಖರ್ ಅನ್ನೂ ರೈತ ಈ ಒಣಕಾಳಿನ ವೈನನ್ನ ಲೋಕಕ್ಕೆಲ್ಲಾ ಗೊತ್ತು ಮಾಡಿದನಂತ. 2007ರಾಗ ತೀರಿಕೊಂಡ, ಇನ್ನೂ ಐವತ್ತು ತುಂಬಿದ್ದಿಲ್ಲ. ಈ ವೈನು ನನಗ ಜಾಸ್ತಿ ಆತು, ಖರೇ ಹೇಳ್ತೀನಿ. ಕಾಕಂಬಿ ನೆಕ್ಕಿದಂಗ. ಒಂದ ಚಮಚಕ್ಕ ಇಟ್ಟುಬಿಟ್ಟೆ.

ಕಡೀದ್ದು ಐಸ್‌ವೈನ್. ಹಣ್ಣನ್ನ ಗಿಡದಾಗ ಡಿಸೆಂಬರ್, ಜನವರಿತನ ಬಿಟ್ಟು, ಥಂಡಿ ಸೊನ್ನೆಯಿಂದ ಏಳು ಡಿಗ್ರಿ ಕೆಳಗ ಇಳಿದ ರಾತ್ರಿ ಎದ್ದು ಹೋಗಿ ಕೊಯ್ದು, ಕಲ್ಲಿನಂಗ ಇರಾಗನ ಹಿಂಡ್ತಾರ. ನೀರು ಬರಫ್ ಆಗಿ ಒಳಗ ಉಳೀತೈತಿ, ಸಿಹಿ ರಸ ಅಷ್ಟ ಹೊರಗ. ಇತ್ತಿತ್ತಲಾಗ ಚಳಿಗಾಲ ಬೆಚ್ಚಗ ಆಗಿ, ಆ ಥಂಡಿ ಬರೂದ ಖಾತ್ರಿ ಇಲ್ಲಂತ ಆಕಿ ಮಾರಿ ಸಣ್ಣ ಮಾಡಿದ್ಲು. ನಮಗ ಮಳಿ ಚಿಂತಿ, ಅವರಿಗೆ ಬರಫಿನ ಚಿಂತಿ.

ಈಗ ನೀವು ಕೇಳೂ ಇನ್ನೊಂದು ಪ್ರಶ್ನೆ: ಇದಕ್ಕ ಸಕ್ಕರಿ ಹಾಕ್ತಾರನು? ಇಲ್ರಿ. ಅದ ನೋಡ್ರಿ ಇದರ ಗುಟ್ಟು. ಮೂರೂ ದಾರಿ ಒಂದ ಕೆಲಸ ಮಾಡ್ತಾವ, ಬೂಷ್ಟು ಆಗ್ಲಿ, ಬಿಸಲು-ಗಾಳಿ ಆಗ್ಲಿ, ಬರಫ್ ಆಗ್ಲಿ, ಬರೇ ನೀರು ತಗಿಯೂದು. ಮ್ಯಾಲಿಂದ ಏನೂ ಸೇರಿಸೂದಿಲ್ಲ. ಅವರ ಕಡೆ ರಸದ ಸಕ್ಕರಿ ಅಳಿಯೂದಕ್ಕ ಬ್ಯಾರೆನ ಅಳತಿ ಐತಿ, ಒಣಕಾಳು ವೈನಿಗೆ ನೂರು ಗ್ರಾಂ ರಸದಾಗ ಕಮ್ಮಿ ಅಂದ್ರ 30 ಗ್ರಾಂ ಸಕ್ಕರಿ ಇರಬೇಕಂತ. ಮತ್ತ ಸಿಹಿ ಯಾಕ ಉಳೀತೈತಿ? ದೋಸಿ ಹಿಟ್ಟು ಉಬ್ಬಸೂವಂಥ ಜೀವನ ಇಲ್ಲಿ ಸಕ್ಕರಿ ತಿಂದು ಸೆರೆ ಮಾಡೂದು. ಸಕ್ಕರಿ ವಿಪರೀತ ಇದ್ರ ಅದು ತಿಂದು ತಿಂದು ಸುಸ್ತಾಗಿ ನಡುವ ನಿಂತುಬಿಡ್ತೈತಿ. ತಿನ್ನದ ಉಳದ ಸಕ್ಕರೀನ ಆ ಸಿಹಿ. ಗುಳಂಬ, ಮುರಬ್ಬಾ ವರ್ಷಗಟ್ಟಲೆ ಕೆಡೂದಿಲ್ಲಲ್ಲ, ಅದೇ ಲೆಕ್ಕ.

ಅದಕ ತುಟ್ಟಿ. ಅರ್ಧ ಬಾಟ್ಲಿ, 375 ಮಿಲೀದ್ದು, ಅದನ್ನ ಮಾರ್ತಾರ. ಊಟದ ಕಡೀಕ ಹೆಬ್ಬೆರಳಿನಷ್ಟು ಗ್ಲಾಸಿನ್ಯಾಗ ಕುಡೀತಾರ, ಒಂದು ಬಾಟ್ಲಿ ಆರೇಳು ಮಂದಿಗೆ. ನಮ್ಮ ಮನಿಯವರಂಥ ಸಕ್ಕರಿ ಬ್ಯಾನಿ ಇದ್ದವ್ರಿಗೆ ಇದು ವಿಷ. ಒಂದು ಲೀಟರಿಗೆ 200 ಗ್ರಾಂ ಸಕ್ಕರಿ ಇದ್ರ 60 ಮಿಲೀದಾಗ 12 ಗ್ರಾಂ ಬಂತು, ಮೂರು ಚಾ ಚಮಚಿ ಸಕ್ಕರಿ ತಿಂದಂಗ. "ಹಣ್ಣಿನ ರಸ, ಔಷಧಿ ಇದ್ದಂಗ" ಅಂತ ಯಾರರೆ ಅಂದ್ರ ನಂಬಬ್ಯಾಡ್ರಿ. ಹತ್ತು ಹನ್ನೊಂದು ಪರ್ಸೆಂಟ್ ಸೆರೆ ಇರ್ತೈತಿ ಅದರಾಗ, ಬಿಯರಿಗಿಂತ ದುಪ್ಪಟ್ಟು.

ಇನ್ನೊಂದು ಸಂಗತಿ ಆಕಿ ಹೇಳಾಗ ದನಿ ತಗ್ಗಿಸಿ ಹೇಳಿದ್ಲು. 1985ರಾಗ ಆಸ್ಟ್ರಿಯಾದ ಕೆಲವು ವೈನ್ ವ್ಯಾಪಾರಸ್ಥರು ಸಾದಾ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಅನ್ನೂ ರಾಸಾಯನಿಕ ಕಲಸಿ, ಒಣಕಾಳಿನ ವೈನಿನಂಗ ದಪ್ಪ, ಸಿಹಿ ಮಾಡಿ ಮಾರಿದ್ದು ಸಿಕ್ಕಿಬಿತ್ತು. ಸಿಹಿ ವೈನಿಗೆ ಗಿರಾಕಿ ಬಾಳ ಇದ್ರು, ಖರೇ ಮಾಲು ಅಷ್ಟು ಬೆಳೀತಿದ್ದಿಲ್ಲ, ನಡಕ ಖೊಟ್ಟಿ ಹುಟ್ಟಿತು. ಆಸ್ಟ್ರಿಯಾದ ವೈನ್ ಯಾರೂ ಮುಟ್ಟದಂಗ ಆತು. ಹೊರಗ ಹೋಗೂ ಮಾಲು ಹತ್ತರಾಗ ಒಂದು ಪಾಲಿಗೆ ಬಿತ್ತು. ಅದೇ ವರ್ಷ ಸರ್ಕಾರ ಬಿಗಿ ಕಾಯ್ದೆ ತಂತು. ಮೂರು ತಿಂಗಳು ಒಣಗಬೇಕು, ಇಷ್ಟ ಸಕ್ಕರಿ ಇರಬೇಕು ಅನ್ನೂದು ಇವತ್ತು ಅಷ್ಟು ಕಟ್ಟುನಿಟ್ಟು ಇರೂದು ಅದಕ್ಕ. "ಖೊಟ್ಟಿ ಮಾಡಿದವ್ರು ಕೆಲವ್ರು, ಅನುಭವಿಸಿದ್ದು ಎಲ್ಲಾರೂ. ನಮ್ಮ ಮಾವ ಆ ವರ್ಷ ಪೀಪಾಯಿ ಮುಂದ ಕೂತು ಅತ್ರು" ಅಂದ್ಲು. ಬಣ್ಣಕ್ಕಂತ ಗಂಧಕದ ಹೊಗಿ ಹೆಚ್ಚಿಗಿ ಕೊಟ್ಟ ಮನೂಕ ಪ್ಯಾಟಿಗೆ ಬಂದು ಎಲ್ಲಾರ ರೇಟೂ ಬಿದ್ದಾಗ ನಮ್ಮಂಥವ್ರ ಮನಿ ಹೆಂಗಿರ್ತಾವಂತ ನಾನೂ ಹೇಳಿದೆ. ಆಕಿ ನನ್ನ ಡಬ್ಬಿ ಮನೂಕ ಪೂರಾ ಇಟ್ಟುಕೊಂಡ್ಲು. ಬಾಟ್ಲಿ ಕೊಡಾಕ ಬಂದ್ಲು, ನಾ ಬ್ಯಾಡ ಅಂದೆ. ಬದಲಿಗೆ ಪಡದ ದಂಡಿಗೆ ಬೆಳದ ವಾಲ್‌ನಟ್ ಒಂದು ಚೀಲ ಕೊಟ್ಲು.

ಊರಿಗೆ ಬಂದ ಮ್ಯಾಲ ಖರೇ ಪಂಚಾಯಿತಿ ಸುರು ಆತು. ಮೈದುನನ ಮಗ, ಕೃಷಿ ಓದಿದ ಹುಡುಗ, ನನ್ನ ಕತಿ ಕೇಳಿ ಒಂದ ಹಠ ಹಿಡದ. "ದೊಡ್ಡವ್ವ, ಮನೂಕಕ್ಕ ರೇಟಿಲ್ಲ, ನಾವೂ ಅರ್ಧ ಒಣಗಿಸಿ ವೈನ್ ಮಾಡೋಣು. 2007ರಾಗನ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತ ವೈನ್ ನೀತಿ ತಂದೈತಿ, ವೈನ್ ಮಂಡಳಿ ಐತಿ. ನಾಸಿಕದಾಗ ತಡಮಾಡಿ ಕೊಯ್ದ ಚೆನಿನ್ ಬ್ಲಾಂಕ್ ದ್ರಾಕ್ಷಿಯಿಂದ ಸಿಹಿ ವೈನ್ ಮಾಡಿ ಮಾರ್ತಾರ. ನಮ್ಮಲ್ಲಿ ಬಿಸಲಿಗೇನು ಬರ ಐತಿ?" ಅವನ ಮಾತು ಸುಳ್ಳಲ್ಲ. ಹೋದ ವರ್ಷ ಶೆಡ್ಡಿನ್ಯಾಗ ಮಾಲು ಹರವಿದಾಗ ಮಳಿ ಬಂದು ಕಾಳು ಕರ್ರಗಾಗಿ, ಕಟ್ಟಿದ ಸಾಲದ ಕಂತು ಹಂಗ ಉಳದಾವ. ಹುಡುಗ ದುಡಿಯೂ ದಾರಿ ಹುಡುಕಿದ್ರ ಬೈಯೂದು ಹೆಂಗ?

ನಾ ಕಂಡದ್ದು ಅಷ್ಟ ಹೇಳಿದೆ. ಥಾಮ್ಸನ್ ತಿನ್ನೂ ಹಣ್ಣು, ಸಿಹಿ ಐತಿ, ಹುಳಿ ಕಮ್ಮಿ. ಆ ವೈನು ನಿಂತದ್ದು ಹುಳಿ ಮ್ಯಾಲ. ಅಲ್ಲಿ ಫುರ್ಮಿಂಟ್, ವೆಲ್ಶ್‌ರೀಸ್ಲಿಂಗ್ ಅಂತ ಬ್ಯಾರೆ ಜಾತಿ. ಹುಳಿ ಇಲ್ಲದ ಸಿಹಿ ಕಾಕಂಬಿ ಆಗ್ತೈತಿ. ಮತ್ತ ಡಿಪ್ಪಿಂಗ್ ಆಯಿಲಿನ್ಯಾಗ ಎದ್ದಿದ ಗೊನಿ ಹಿಂಡೂ ಹಂಗಿಲ್ಲ. ಬ್ಯಾರೆ ಪಡ ಹಚ್ಚಬೇಕು, ಎರಡು ಮೂರು ವರ್ಷ ಕಾಯಬೇಕು, ಲೈಸೆನ್ಸ್, ಥಂಡಿ ಕೋಣಿ, ಕರೆಂಟ್. ಇಷ್ಟು ಅಡಚಣಿ ಹೇಳಿದೆ. ಇದೆಲ್ಲಾ ತೂಗಿ ನೋಡಿ ನೀನ ನಿರ್ಧಾರ ಮಾಡು ಅಂದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ: ಮಾಡೂದಾದ್ರ ಮೊದ್ಲ ಸಿಂದಗಿಗೆ ಹೋಗಿ ಅಕ್ಕನ ಮುಂದ ಕೂತು ಹೇಳಿ ಬಾ. ಕದ್ದು ಮಾಡೂ ಕೆಲಸ ನಮ್ಮ ಮನ್ಯಾಗ ಬ್ಯಾಡ.

ಹುಡುಗ ಹೋಗಿ ಬಂದ. ಅಕ್ಕ ಬೈಲಿಲ್ಲಂತ. ರೊಟ್ಟಿ ಮಾಡಿ ಹಾಕಿ, ಉಂಡ ಮ್ಯಾಲ, "ಮಾರ್ಕೊ, ನಿನ್ನ ಹೊಲ, ನಿನ್ನ ಹೊಟ್ಟಿ. ನಮ್ಮ ಮಂದಿ ಅದನ್ನ ಹೆಬ್ಬೆರಳಿನಷ್ಟ ಗ್ಲಾಸಿನ್ಯಾಗ ಕುಡೀತಾರಂತ ಮಾತ್ರ ನನಗ ಹೇಳಬ್ಯಾಡ" ಅಂದ್ಲಂತ. ನನಗೂ ಫೋನ್ ಮಾಡಿದ್ಲು. ನಾ ಕುಡದದ್ದಕ್ಕ ಒಂದು ಮಾತು ಅನಲಿಲ್ಲ. "ಚಲೋ ಇತ್ತೇನ?" ಅಂತ ಕೇಳಿದ್ಲು. ಚಲೋ ಇತ್ತು ಅಂದೆ. ಸುಳ್ಳು ಯಾಕ ಹೇಳ್ಲಿ? ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲ, "ಹಿಂಡಿದ ಮ್ಯಾಲ ಉಳದ ಚೊಟ್ಟು ಏನ್ ಮಾಡ್ತಾರ ಅಲ್ಲಿ? ದನಕ್ಕ ಹಾಕ್ತಾರೇನು?" ಅಂದ್ಲು. ಅದರಿಂದ ಅಲ್ಲಿ ಮತ್ತೊಂದು ಕಡಕ್ ಸೆರೆ ಭಟ್ಟಿ ಇಳಸ್ತಾರ್ರಿ. ನಾ ಅಕ್ಕಗ ಅದನ್ನ ಹೇಳ್ಲಿಲ್ಲ. ಗೊಬ್ಬರಕ್ಕ ಹಾಕ್ತಾರ ಅಂದೆ, ಅದನ್ನೂ ಮಾಡ್ತಾರ.

ಹುಡುಗ ಇನ್ನೂ ಲೆಕ್ಕಾ ಹಾಕಾತಾನ. ನಾ ಮಾತ್ರ ಈ ಸುಗ್ಯಾಗ ನನ್ನ ಕೆಲಸ ಮಾಡಿ ಮುಗಿಸೀನಿ. ಔಷಧಿ ಹೊಡೀದ ಬಿಟ್ಟ, ಕಡೀ ಸಾಲಿನ ನಾಲ್ಕು ಗಿಡದ ಹಣ್ಣನ್ನ ಏಪ್ರಿಲ್‌ತನ ಗಿಡದಾಗ ಸುಕ್ಕಾಗಾಕ ಬಿಟ್ಟೆ. ಎದ್ದೂದಿಲ್ಲ, ಎಣ್ಣಿ ಇಲ್ಲ. ಕೊಯ್ದು, ಎರಡು ಮೂರು ನೀರಿನ್ಯಾಗ ತೊಳದು, ಮತ್ತ ಆರು ದಿನ ಅಟ್ಟದ ನೆರಳಾಗ ಚಾಪಿ ಮ್ಯಾಲ ಹರವಿದೆ. ಅರ್ಧ ಮನೂಕ ಆದಾಗ ಕೈಲೆ ಕಿವುಚಿ, ತೆಳು ಅರಿವ್ಯಾಗ ಹಿಂಡಿ, ರಸ ಹುಳಿ ಏಳೂಕಿಂತ ಮೊದ್ಲ ಅವತ್ತಿಂದವತ್ತ ದಪ್ಪ ತಳದ ಬೋಗಾಣ್ಯಾಗ ಸಣ್ಣ ಉರಿ ಮ್ಯಾಲ ಇಟ್ಟೆ. ಹೆಪ್ಪ ತಗೀತ ಇರಬೇಕು, ಇಲ್ಲಂದ್ರ ಕಂಟ ಬರ್ತೈತಿ. ಮೂರು ಪಾಲಿನಾಗ ಒಂದು ಪಾಲಿಗೆ ಇಳದ ಮ್ಯಾಲ, ಒಂದು ಲೀಟರ್ ಪಾಕಕ್ಕ ನಾಲ್ಕು ಇಂಡಿ ಲಿಂಬಿ ಹಿಂಡಿ, ಒಂದು ಕುದಿ ಕುದಿಸಿ ಇಳಿಸಿದೆ. ಸಕ್ಕರಿ ಒಂದು ಕಾಳೂ ಹಾಕಿಲ್ಲ. ತಣ್ಣಗ ನೀರಿನ್ಯಾಗ ಎರಡು ಚಮಚಿ ಕಲಸಿದ್ರ ಬ್ಯಾಸಿಗಿ ಮಧ್ಯಾಹ್ನಕ್ಕ ಸಾಕು, ಬಿಸಿ ಚಪಾತಿಗೆ ತುಪ್ಪದ ಜೋಡಿ ಇನ್ನೂ ಚಲೋ. ರುಸ್ಟ್ ಊರಿನ ರುಚಿ ಪೂರಾ ಬರ್ಲಿಲ್ಲ, ಬೂಷ್ಟಿನ ಆ ಕೇಸರಿ ವಾಸನಿ ನಮ್ಮ ಬಿಸಲಿನ್ಯಾಗ ಎಲ್ಲಿಂದ ಬರಬೇಕು? ಆದ್ರ ನಾಲಿಗಿ ದಂಡಿಗೆ ಆ ಹುಳಿ ಬಂದು ಸಿಹೀನ ಒರೆಸೂದು, ಅದು ಬಂದೈತಿ.

ಒಂಬತ್ತು ಬಾಟ್ಲಿ ಆಗ್ಯಾವ. ಎರಡು ಮುದ್ದೇಬಿಹಾಳ ಚಿಕ್ಕಮ್ಮಾರಿಗೆ, ಎರಡು ಬಾಗೇವಾಡಿಗೆ, ಮೂರು ಸಿಂದಗಿ ಅಕ್ಕನ ಮನಿಗೆ ಅಂತ ಚೀಟಿ ಅಂಟಿಸಿಟ್ಟೀನಿ. ಬಸ್ಸಿನ್ಯಾಗ ಕಳಸಾಕ ಆಗೂದಿಲ್ಲ, ಮುಚ್ಚಳ ಸಡಲ ಆದ್ರ ಚೀಲ ಪೂರಾ ಅಂಟಾಗ್ತೈತಿ, ಯಾರರೆ ಇಂಡಿ ಕಡೆ ಬಂದಾಗ ಒಯ್ರಿ. ಬರಾಗ ಖಾಲಿ ಗಾಜಿನ ಬಾಟ್ಲಿ ತರ್ರಿ, ತೊಳದು ಬಿಸಲಿಗೆ ಒಣಗಿಸಿದ್ದು.